ಮೂರು ತಲೆಮಾರಿನ ಟೈಲರ್ ಅಂಗಡಿಯ ಚರಿತ್ರೆಯನ್ನು ಯಾವ ದಾಖಲೆಯಿಂದ ಬರೆಯಬೇಕು?

ಭವಂತಿ ರಸ್ತೆಯ ಮೊಮ್ಮಗ:
ಮಂಗಳೂರಿನ ಭವಂತಿ ರಸ್ತೆಯ ಬದಿಯ ಓಣಿಯಲ್ಲಿ ನಮ್ಮ ಅಜ್ಜ ಸ್ವಾತಂತ್ರ್ಯಕ್ಕೂ ಮೊದಲು ಆರಂಭಿಸಿದ ಟೈಲರ್ ಅಂಗಡಿಯನ್ನು ಅವರ ನಂತರ ದೊಡ್ಡಪ್ಪ ಮತ್ತು ನಮ್ಮ ತಂದೆ ನಡೆಸಿದರು. ಈಗ ದೊಡ್ಡಪ್ಪನ ಮಗ ನಡೆಸುತ್ತಿದ್ದಾರೆ. ಅಳತೆ ತೆಗೆದುಕೊಂಡು ಕೋಟು, ಪ್ಯಾಂಟು, ಶರ್ಟು ಹೊಲಿಯುವುದನ್ನು ಬಿಟ್ಟರೆ ಬೇರೇನನ್ನೂ ಈ ಅಂಗಡಿ ಮಾಡಿದ್ದಿಲ್ಲ, ಸಿದ್ಧ ಉಡುಪನ್ನು ಒಂದು ದಿನವೂ ಮಾರಿದ್ದಿಲ್ಲ. ಇದರ ಬಗ್ಗೆ ಒಂದು ಚಿಕ್ಕ ಪುಸ್ತಕ ತರಬೇಕೆಂದು ಮನೆಯವರೆಲ್ಲ ಸೇರಿ ನಿಶ್ಚಯಿಸಿದ್ದಾರೆ. ಬರೆಯುವ ಹೊಣೆ ನನ್ನ ಪಾಲಿಗೆ ಬಂದಿದೆ.

ಕೈಯಲ್ಲಿರುವ ಸಾಮಗ್ರಿ ಇಷ್ಟು: ಟ್ರಂಕಿನ ತುಂಬ ಅಳತೆ ಪುಸ್ತಕಗಳು, ಎರಡು ಹಳೆಯ ಯಂತ್ರಗಳು, ಬಿಲ್ಲುಗಳ ಕಟ್ಟು, ಮತ್ತೆ ಯಾರೂ ಅಷ್ಟಾಗಿ ಗಮನಿಸದ ಒಂದು ಕೂಲಿ ಪುಸ್ತಕ. ಅಳತೆ ಪುಸ್ತಕದ ಒಂದು ಪುಟ ಹೀಗಿದೆ. ಎಡಬದಿಯಲ್ಲಿ ಉದ್ದ, ಭುಜ, ತೋಳು, ಎದೆ, ಸೊಂಟ, ಸೀಟು, ಕುತ್ತಿಗೆ ಎಂದು ಮೇಲಿನಿಂದ ಕೆಳಗೆ ಬರೆದು, ಎದುರಿಗೆ ಕನ್ನಡ ಅಂಕೆಗಳಲ್ಲಿ ಇಂಚುಗಳನ್ನು ಗುರುತಿಸಿದ್ದಾರೆ. ಅದರ ಕೆಳಗೆ ‘ಬಲ ಭುಜ ಇಳಿಕೆ, ಬೆನ್ನು ಸ್ವಲ್ಪ ಬಾಗು’ ಎಂಬ ಟಿಪ್ಪಣಿಯಿದೆ. ಮೂಲೆಯಲ್ಲಿ ತುಕ್ಕು ಹಿಡಿದ ಗುಂಡುಸೂಜಿಗೆ ಬೂದು ಬಣ್ಣದ ಬಟ್ಟೆಯ ಚೂರೊಂದು ಸಿಕ್ಕಿಕೊಂಡಿದೆ. ಇಷ್ಟೆಲ್ಲ ಇದ್ದರೂ ವರ್ಷ ಮಾತ್ರ ಎಲ್ಲಿಯೂ ಇಲ್ಲ.

ಮನೆಯಲ್ಲಿ ಹೇಳುತ್ತ ಬಂದಿರುವ ಕಥೆಯ ಪ್ರಕಾರ ಎಲ್ಲವನ್ನೂ ಅಜ್ಜ ಒಬ್ಬರೇ ಕಟ್ಟಿದರು. ಆ ಕಥೆಯನ್ನೇ ವಿಸ್ತರಿಸಿ ಬರೆದರೆ ಪುಸ್ತಕ ಬೇಗ ಮುಗಿಯುತ್ತದೆ. ಆದರೆ ಅದಕ್ಕೆ ಚರಿತ್ರೆ ಎಂಬ ಹೆಸರು ಒಪ್ಪುತ್ತದೆಯೇ ಎಂಬುದೇ ನನ್ನ ಸಂಶಯ. ತಿಳಿದವರು ದಾರಿ ತೋರಿಸಬೇಕು.

ಕಡತ ಓದುಗ, ಬಲ್ಮಠ:
ವರ್ಷ ಬರೆಯದ ಪುಸ್ತಕದಲ್ಲಿಯೂ ಕಾಲ ತನ್ನ ಗುರುತು ಬಿಟ್ಟಿರುತ್ತದೆ. ಮೊದಲಿಗೆ ಹಣದ ಲೆಕ್ಕವನ್ನು ನೋಡಿರಿ. ರೂಪಾಯಿ, ಆಣೆ, ಪೈ ಎಂದು ಮೂರು ಕಾಲಂ ಇದ್ದರೆ ಆ ಪುಟ ಬಹುಮಟ್ಟಿಗೆ 1957ರ ಏಪ್ರಿಲ್ 1ಕ್ಕಿಂತ ಹಿಂದಿನದು, ಏಕೆಂದರೆ ಅಂದಿನಿಂದ ದಶಮಾಂಶ ನಾಣ್ಯ ಬಂತು. ‘ನಯಾ ಪೈಸೆ’ ಎಂದು ಅಚ್ಚಾದ ಬಿಲ್ಲು ಸಿಕ್ಕಿದರೆ ಅದು ಆ ನಂತರದ ಕೆಲವೇ ವರ್ಷಗಳದ್ದು, 1964ರಲ್ಲಿ ‘ನಯಾ’ ಎಂಬುದನ್ನು ಕೈಬಿಡಲಾಯಿತು. ಬಟ್ಟೆಯನ್ನು ಗಜದಲ್ಲಿ ಬರೆದಿದ್ದಾರೆಯೇ ಮೀಟರಿನಲ್ಲಿ ಬರೆದಿದ್ದಾರೆಯೇ ಎಂಬುದು ಎರಡನೆಯ ಸುಳಿವು. 1960ರ ದಶಕದ ಆರಂಭದಲ್ಲಿ ಅಂಗಡಿಗಳು ಮೀಟರಿಗೆ ಬದಲಾದವು. ವಿಚಿತ್ರವೆಂದರೆ ಬಟ್ಟೆಯಂಗಡಿಯವನು ಮೀಟರಿನಲ್ಲಿ ಹರಿದುಕೊಟ್ಟದ್ದನ್ನು ಟೈಲರು ಇವತ್ತಿಗೂ ಇಂಚಿನಲ್ಲಿಯೇ ಕತ್ತರಿಸುತ್ತಾನೆ, ಆದ್ದರಿಂದ ಅಳತೆಯ ಅಂಕೆಗಳಿಂದ ಕಾಲವನ್ನು ತಿಳಿಯಲಾಗದು.

ಪರವಾನಗಿ ಪತ್ರಗಳಿದ್ದರೆ ಅವನ್ನೂ ಬಿಡಿಸಿ ನೋಡಿರಿ. ದಕ್ಷಿಣ ಕನ್ನಡ 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ನಮ್ಮ ಕಾಗದಗಳ ಮೇಲೆಲ್ಲ ಮದರಾಸಿನ ಹೆಸರೇ ಇರುತ್ತಿತ್ತು. ಯುದ್ಧಕಾಲದ ಪುಟಗಳು ಸಿಕ್ಕಿದರಂತೂ ಜೋಪಾನ ಮಾಡಿರಿ. 1943ರಲ್ಲಿ ಬಟ್ಟೆ ಮತ್ತು ನೂಲಿನ ಮೇಲೆ ಸರಕಾರದ ನಿಯಂತ್ರಣ ಬಂದಾಗ ಹೊಸ ಬಟ್ಟೆ ದುರ್ಲಭವಾಗಿ, ಹಳೆಯ ಕೋಟನ್ನು ಬಿಚ್ಚಿ ಒಳಬದಿಯನ್ನು ಹೊರಗೆ ಮಾಡಿ ಹೊಲಿಸಿಕೊಳ್ಳುವುದು ಟೈಲರ್ ಅಂಗಡಿಗಳ ಒಂದು ದೊಡ್ಡ ಕೆಲಸವಾಯಿತು.

ಯಂತ್ರ ಸಿಂಗರ್ ಆಗಿದ್ದಲ್ಲಿ ಅದರ ಮೈಮೇಲಿನ ಕ್ರಮಸಂಖ್ಯೆಯನ್ನು ಬರೆದುಕೊಳ್ಳಿರಿ. ಎಫ್, ಜೆ ಅಥವಾ ವೈ ಅಕ್ಷರದಿಂದ ಆರಂಭವಾಗುವ ಸಂಖ್ಯೆಯಾದರೆ ಅದು ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್ ಕಾರ್ಖಾನೆಯಲ್ಲಿ ತಯಾರಾದದ್ದು, ಯಾವ ವರ್ಷದ ಸರಣಿ ಎಂಬುದು ಕಂಪನಿಯ ಪಟ್ಟಿಯಿಂದ ತಿಳಿಯುತ್ತದೆ. ಹಾಗೆಂದು ಯಂತ್ರದ ವರ್ಷವೇ ಅಂಗಡಿಯ ವರ್ಷ ಎಂದು ಬರೆಯಬೇಡಿರಿ; ಅಜ್ಜ ಅದನ್ನು ಎರಡನೆಯ ಕೈಯಲ್ಲಿ ಕೊಂಡಿರಬಹುದು.

ಕೋಡಿಕಲ್ ನಿವಾಸಿ:
ಮಂಗಳೂರಿನ ಉಡುಪಿನ ಚರಿತ್ರೆ ಎಂದ ಮೇಲೆ ಮೊದಲ ಅಧ್ಯಾಯ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ನಿನದೇ ಆಗಬೇಕು. ಖಾಕಿ ಬಣ್ಣ ಹುಟ್ಟಿದ್ದೇ ನಮ್ಮ ಊರಿನಲ್ಲಿ, ಅವರ ನೇಯ್ಗೆ ಕಾರ್ಖಾನೆಯಲ್ಲಿ ಎಂಬುದನ್ನು ಪುಸ್ತಕದಲ್ಲಿ ತಪ್ಪದೆ ಸೇರಿಸಿರಿ.

ಕಡತ ಓದುಗ, ಬಲ್ಮಠ:
ಸೇರಿಸಬಹುದು, ಆದರೆ ಎಚ್ಚರದಿಂದ. 1834ರಲ್ಲಿ ಮಂಗಳೂರಿಗೆ ಬಂದ ಮಿಷನ್ ಮುಂದೆ ನೇಯ್ಗೆಯನ್ನು ಕೈಗೆತ್ತಿಕೊಂಡಿತು, 1850ರ ದಶಕದಲ್ಲಿ ಜಾನ್ ಹಾಲರ್ ಎಂಬ ನೇಯ್ಗೆ ಬಲ್ಲವರ ಮೇಲ್ವಿಚಾರಣೆಯಲ್ಲಿ ಇಲ್ಲಿ ಯುರೋಪಿನ ಮಾದರಿಯ ಮಗ್ಗಗಳು ನಡೆದವು, ಅಲ್ಲಿ ಖಾಕಿ ಬಣ್ಣ ಹಾಕಲಾಯಿತು ಎಂಬಷ್ಟಕ್ಕೆ ಆಧಾರವಿದೆ. ಆದರೆ ಪೇಶಾವರದ ಕಡೆ ಬ್ರಿಟಿಷ್ ಸೇನಾಧಿಕಾರಿ ಲಮ್ಸ್‌ಡನ್ ಕಟ್ಟಿದ ಗೈಡ್ಸ್ ಪಡೆಯವರು 1840ರ ದಶಕದ ಕೊನೆಗೇ ಖಾಕಿ ತೊಟ್ಟಿದ್ದರು. ಆದುದರಿಂದ ‘ಇಲ್ಲಿಯೂ ತಯಾರಾಯಿತು’ ಎನ್ನುವುದು ಸರಿ, ‘ಇಲ್ಲಿಯೇ ಹುಟ್ಟಿತು’ ಎನ್ನುವುದು ಊರಿನ ಅಭಿಮಾನ. ಅದೇನೇ ಇರಲಿ, ಭವಂತಿ ರಸ್ತೆಯ ಅಂಗಡಿಯ ಪುಸ್ತಕದಲ್ಲಿ ಖಾಕಿಯ ನೆಪ ಬರುವುದು ಆ ಅಂಗಡಿ ಖಾಕಿ ಹೊಲಿದಿದ್ದರೆ ಮಾತ್ರ.

ನಿವೃತ್ತ ಬ್ಯಾಂಕ್ ನೌಕರ, ಉಡುಪಿ:
ಅಂಗಡಿ ಹೇಗೆ ಆರಂಭವಾಯಿತು ಎಂಬುದರಷ್ಟೇ ಅದು ಹೇಗೆ ಬದುಕಿತು ಎಂಬುದೂ ಮುಖ್ಯ, ಅದರ ಗುಟ್ಟು ಉದ್ರಿ ಲೆಕ್ಕದಲ್ಲಿದೆ. ನಮ್ಮ ಜಿಲ್ಲೆಯಲ್ಲಿ ಬ್ಯಾಂಕಿಂಗ್ ಬೆಳೆದದ್ದೇ ಸಣ್ಣ ಕಸುಬಿನವರ ಸುತ್ತ. ಉಡುಪಿಯಲ್ಲಿ 1925ರಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಸಂಸ್ಥೆಯ ಉದ್ದೇಶಗಳಲ್ಲಿ ಕೈಮಗ್ಗದವರಿಗೆ ನೆರವಾಗುವುದೂ ಒಂದಾಗಿತ್ತು, ಸ್ಥಾಪಕರಲ್ಲಿ ಒಬ್ಬರಾದ ಉಪೇಂದ್ರ ಪೈ ಅವರು ಬಟ್ಟೆ ವ್ಯಾಪಾರ ಬಲ್ಲವರಾಗಿದ್ದರು. 1928ರಲ್ಲಿ ಆರಂಭವಾದ ಪಿಗ್ಮಿ ಠೇವಣಿಯಲ್ಲಿ ದಿನಕ್ಕೆ ಎರಡಾಣೆ ಕಟ್ಟಿದರೂ ಸಾಕಿತ್ತು. ಪಿಗ್ಮಿಯವರು ಅಂಗಡಿಯ ಬಾಗಿಲಿಗೇ ಬರುತ್ತಿದ್ದುದರಿಂದ ಟೈಲರು ಯಂತ್ರ ಬಿಟ್ಟು ಏಳಬೇಕಾದ ಪ್ರಸಂಗವೇ ಇರಲಿಲ್ಲ. ಹಳೆಯ ಪಿಗ್ಮಿ ಪುಸ್ತಕ ಟ್ರಂಕಿನ ಅಡಿಯಲ್ಲಿದ್ದರೆ ಅದನ್ನು ಅಳತೆ ಪುಸ್ತಕಗಳ ಜೊತೆಗಿಟ್ಟು ಓದಿರಿ. ಯಾವ ತಿಂಗಳಲ್ಲಿ ಹಣ ಓಡಾಡಿತು, ಯಾವ ತಿಂಗಳಲ್ಲಿ ಒಣಗಿತು ಎಂಬುದು ಗೊತ್ತಾಗುತ್ತದೆ.

ಉದ್ರಿಯ ಪಾಡು ಎಲ್ಲ ಊರಿನಲ್ಲಿಯೂ ಒಂದೇ. ಲಂಡನ್ನಿನ ಸ್ಯಾವಿಲ್ ರೋ ಬೀದಿಯ ಹೆನ್ರಿ ಪೂಲ್ ಎಂಬ ಅಂಗಡಿಯನ್ನು 1806ರಲ್ಲಿ ಜೇಮ್ಸ್ ಪೂಲ್ ಆರಂಭಿಸಿದರು. ಅವರ ಮಗ ಹೆನ್ರಿ ಅರಸುಮನೆತನದವರಿಗೆ ಹೊಲಿದು ಹೆಸರಾದರು. ಆದರೆ ದೊಡ್ಡವರು ಹೊಲಿಸುವುದಕ್ಕೆ ತೋರಿದ ಅವಸರವನ್ನು ಹಣ ಕೊಡುವುದಕ್ಕೆ ತೋರಲಿಲ್ಲವಾಗಿ, 1876ರಲ್ಲಿ ಹೆನ್ರಿ ತೀರಿಕೊಂಡಾಗ ಅಂಗಡಿ ಇಕ್ಕಟ್ಟಿನಲ್ಲಿತ್ತು. ಅವರ ಸೋದರ ಸಂಬಂಧಿ ಸ್ಯಾಮ್ಯುಯೆಲ್ ಕಂಡಿ ಹೊಣೆ ಹೊತ್ತು ನಿಲ್ಲಿಸಿದರು, ಕಂಡಿ ಕುಟುಂಬವೇ ಇಂದಿಗೂ ಅದನ್ನು ನಡೆಸುತ್ತಿದೆ. ಆ ಅಂಗಡಿಯ ಹಳೆಯ ಲೆಕ್ಕದ ಪುಸ್ತಕಗಳು ಉಳಿದುಕೊಂಡಿರುವುದರಿಂದಲೇ ಇದನ್ನೆಲ್ಲ ಇಷ್ಟು ಖಚಿತವಾಗಿ ಹೇಳಲು ಬರುತ್ತದೆ. ನಿಮ್ಮ ಟ್ರಂಕು ಗೆದ್ದಲಿಗೆ ಸಿಗದಂತೆ ಮೊದಲು ನೋಡಿಕೊಳ್ಳಿರಿ.

ಹಳೆ ಕಟಿಂಗ್ ಮಾಸ್ಟರ್, ಕಂಕನಾಡಿ:
ಇಲ್ಲಿಯವರೆಗೆ ಹಣದ ಮಾತು, ಕಾಗದದ ಮಾತು ಬಂತು. ಹೊಲಿಗೆಯ ಮಾತು ಯಾರೂ ಎತ್ತಲಿಲ್ಲ. ಟೈಲರ್ ಅಂಗಡಿಯ ಚರಿತ್ರೆ ಎಂದರೆ ಕೋಟಿನ ಒಳಗೆ ಏನಿತ್ತು ಎಂಬುದರ ಚರಿತ್ರೆಯೂ ಹೌದು.

ನಾವು ಕಲಿಯುವಾಗ ಕೋಟಿನ ಎದೆಭಾಗಕ್ಕೆ ಒಳಗಿಡುವ ಗಟ್ಟಿ ಬಟ್ಟೆಯಾದ ಕ್ಯಾನ್‌ವಾಸನ್ನು ಅಂಟಿಸುತ್ತಿರಲಿಲ್ಲ. ಕ್ಯಾನ್‌ವಾಸಿಗೂ ಮೇಲಿನ ಬಟ್ಟೆಗೂ ನಡುವೆ ಕೈಯಿಂದಲೇ ಸಣ್ಣ ಸಣ್ಣ ಓರೆ ಹೊಲಿಗೆ ಹಾಕುತ್ತ, ಲೇಪಲ್ಲನ್ನು, ಅಂದರೆ ಕಾಲರಿನ ಕೆಳಗೆ ಎದೆಯ ಮೇಲೆ ಮಡಚುವ ಭಾಗವನ್ನು, ಎಡಗೈ ಬೆರಳಿನ ಮೇಲೆ ಬಾಗಿಸಿ ಹಿಡಿದುಕೊಂಡು ಹೊಲಿಯುತ್ತಿದ್ದೆವು. ಆ ಬಾಗು ಹೊಲಿಗೆಯಲ್ಲಿಯೇ ಉಳಿದು, ಲೇಪಲ್ ಇಸ್ತ್ರಿಯ ಹಂಗಿಲ್ಲದೆ ತಾನಾಗಿ ಮಡಚಿ ಕೂರುತ್ತಿತ್ತು. ಮೊದಲು ಕಚ್ಚಾ ಹೊಲಿಗೆ, ಆಮೇಲೆ ಟ್ರಯಲ್, ಬಿಚ್ಚಿ ಮತ್ತೆ ಗುರುತು ಹಾಕಿ ಪಕ್ಕಾ ಹೊಲಿಗೆ. ಉಣ್ಣೆಯ ಬಟ್ಟೆಯನ್ನು ಒದ್ದೆ ಬಟ್ಟೆಯ ಅಡಿಯಲ್ಲಿಟ್ಟು ಇಸ್ತ್ರಿ ಒತ್ತಿದರೆ ಬೇಕಾದಲ್ಲಿ ಕುಗ್ಗುತ್ತದೆ, ಎಳೆದರೆ ಹಿಗ್ಗುತ್ತದೆ; ಭುಜದ ಉಬ್ಬು, ಬೆನ್ನಿನ ಬಾಗು ಎಲ್ಲ ಅದರಿಂದಲೇ ಬರುತ್ತಿತ್ತು. ಇಸ್ತ್ರಿ ಪೆಟ್ಟಿಗೆಗೆ ಗೆರಟೆಯ ಕೆಂಡ. ಟೆರಿಲಿನ್, ಟೆರಿಕಾಟ್ ಎಂಬ ಕೃತಕ ನೂಲಿನ ಬಟ್ಟೆಗಳು ಬಂದ ಮೇಲೆ ಆ ಕೈಚಳಕ ನಡೆಯಲಿಲ್ಲ, ಆ ಬಟ್ಟೆ ಇಸ್ತ್ರಿಯ ಮಾತು ಕೇಳುವುದಿಲ್ಲ. ಆದುದರಿಂದ ಎಲ್ಲವನ್ನೂ ಕಟಿಂಗಿನಲ್ಲಿಯೇ ತೀರಿಸಬೇಕಾಯಿತು, ಅಂಗಡಿಯಲ್ಲಿ ಕಟಿಂಗ್ ಮಾಸ್ಟರಿನ ಬೆಲೆ ಏರಿತು, ಕೋಟು ಹೊಲಿಯುವವನ ಬೆಲೆ ಇಳಿಯಿತು. ಅಂಟಿನ ಕ್ಯಾನ್‌ವಾಸ್ ಬಂದ ಮೇಲೆ ಅವನು ಪೂರ್ತಿ ಕೆಳಗೆ ಬಿದ್ದ. ಆ ಅಂಟು ನಮ್ಮ ಮಳೆಗಾಲದ ತೇವಕ್ಕೆ ಕೆಲವು ವರ್ಷಗಳಲ್ಲಿ ಬಿಟ್ಟು ಎದೆಯ ಮೇಲೆ ಗುಳ್ಳೆ ಏಳುತ್ತದೆ ಎಂಬುದು ಬೇರೆ ಮಾತು.

ವರ್ಷದ ಕೆಲಸದ ಗತಿಯನ್ನೂ ಬರೆಯಿರಿ. ಜೂನಿನಲ್ಲಿ ಶಾಲೆಯ ಯೂನಿಫಾರ್ಮ್. ಜುಲೈ-ಆಗಸ್ಟ್ ಹೊತ್ತಿನ ತುಳುವರ ಆಟಿ ತಿಂಗಳಲ್ಲಿ ಮದುವೆಯಿಲ್ಲ, ಅಂಗಡಿಯಲ್ಲಿ ಯಂತ್ರಗಳಿಗೆ ಎಣ್ಣೆ ಬಿಡುವ ಕಾಲ. ಚೌತಿಗೆ ಮತ್ತೆ ಚುರುಕು. ಕ್ರೈಸ್ತರ ಮದುವೆಗಳು ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲದಲ್ಲಿಯೂ ಕ್ರಿಸ್ಮಸ್‌ಗೆ ಮುಂಚಿನ ವಾರಗಳಲ್ಲಿಯೂ ಸಾಮಾನ್ಯವಾಗಿ ನಡೆಯುವುದಿಲ್ಲವಾದ್ದರಿಂದ ವರನ ಸೂಟುಗಳೆಲ್ಲ ಜನವರಿಯಲ್ಲಿ ಮತ್ತು ಈಸ್ಟರ್ ಕಳೆದ ಮೇಲೆ ಒಟ್ಟಿಗೆ ಬಂದು ಬೀಳುತ್ತಿದ್ದವು. ರಂಜಾನಿನ ಕೊನೆಯ ವಾರ ಬಂದರಿನ ಕಡೆಯ ಟೈಲರುಗಳಿಗೆ ನಿದ್ದೆಯೇ ಇರುತ್ತಿರಲಿಲ್ಲ. ಒಂದೇ ಅಂಗಡಿಗೆ ಎಲ್ಲ ಜಾತಿ ಮತದವರ ಪಂಚಾಂಗವೂ ಗೊತ್ತಿರಬೇಕಾಗಿತ್ತು.

ಕಾಜಾ ಹೊಲಿದವರ ಮಗಳು:
ಮಾಸ್ಟ್ರು ಹೇಳಿದ್ದೆಲ್ಲ ಸರಿ, ಆದರೆ ಅವರ ಕೋಟಿಗೆ ಕಾಜಾ, ಅಂದರೆ ಗುಂಡಿ ಹಾಕುವ ತೂತು, ಯಾರು ಹೊಲಿದರು ಎಂಬುದನ್ನು ಹೇಳಲಿಲ್ಲ. ನನ್ನ ಅಮ್ಮ ಹೊಲಿದರು. ಅಮ್ಮನಂತಹವರು ಬಿಜೈ, ಕುದ್ರೋಳಿ, ಬೋಳಾರದ ಎಷ್ಟೋ ಮನೆಗಳಲ್ಲಿದ್ದರು. ಅಂಗಡಿಯ ಹುಡುಗ ಸಂಜೆ ಬಟ್ಟೆಯ ಗಂಟು ತಂದು ಕೊಡುತ್ತಿದ್ದ. ಬೆಳಿಗ್ಗೆ ಕಾಜಾ, ಗುಂಡಿ, ಅಂಚು ಮಡಚಿ ಹೊಲಿಯುವ ತುರುಪಿ ಮುಗಿದು ಗಂಟು ಮರಳಬೇಕು. ಕೋಟಿನ ಕಾಜಾ ಎಂದರೆ ಮೊದಲು ತೂತು ಕತ್ತರಿಸಿ, ಅಂಚಿಗೆ ದಪ್ಪ ನೂಲು ಇಟ್ಟು, ಅದರ ಮೇಲೆ ಒಂದರ ಪಕ್ಕ ಒಂದು ಗಂಟು ಬೀಳುವಂತೆ ರೇಷ್ಮೆ ದಾರದಲ್ಲಿ ಸುತ್ತಬೇಕು. ಕತ್ತರಿ ಒಂದು ಎಳೆ ಆಚೆ ಹೋದರೆ ಇಡೀ ಮುಂಭಾಗವೇ ಹಾಳು, ಆ ನಷ್ಟ ಕೂಲಿಯಲ್ಲಿ ಮುರಿಯುತ್ತಿತ್ತು. ಲೆಕ್ಕ ಕಾಜಾದ ಮೇಲೆ, ದಿನದ ಮೇಲಲ್ಲ.

ಅಮ್ಮನ ಅಕ್ಕಪಕ್ಕದ ಮನೆಗಳಲ್ಲಿ ಬೀಡಿ ಕಟ್ಟುತ್ತಿದ್ದರು. ಅದೂ ಮನೆಯಲ್ಲಿ ಕೂತು ಮಾಡುವ, ಎಣಿಕೆಯ ಮೇಲೆ ಕೂಲಿ ಸಿಗುವ ಕೆಲಸವೇ. ಆದರೆ 1966ರ ಕಾಯ್ದೆ ಬೀಡಿ ಕಟ್ಟುವವರನ್ನು ಕಾರ್ಮಿಕರೆಂದು ಒಪ್ಪಿತು, 1976ರಲ್ಲಿ ಅವರ ಕಲ್ಯಾಣ ನಿಧಿಯ ಕಾಯ್ದೆ ಬಂತು, ಹೋರಾಡಿ ಭವಿಷ್ಯನಿಧಿ ಪಡೆದವರೂ ಇದ್ದಾರೆ. ಕಾಜಾ ಹೊಲಿದವರ ಕೈಯಲ್ಲಿ ಒಂದು ಚೀಟಿಯೂ ಇಲ್ಲ. ಟೈಲರ್ ಅಂಗಡಿಗೆ ಅವರು ಕೆಲಸಗಾರರಲ್ಲ, ಮನೆಯವರಿಗೆ ಅದು ಕೆಲಸವಲ್ಲ. ಆದ್ದರಿಂದ ಕುಟುಂಬದ ಅಂಗಡಿ ಎಂದು ಬರೆಯುವಾಗ ಯಾರ ಕುಟುಂಬ ಎಂದು ಒಮ್ಮೆ ಯೋಚಿಸಿರಿ ಎಂದು ಕೇಳಿಕೊಳ್ಳುತ್ತೇನೆ.

ಭವಂತಿ ರಸ್ತೆಯ ಮೊಮ್ಮಗ:
ಅಕ್ಕ, ನಿಮ್ಮ ಮಾತು ಓದಿದ ಮೇಲೆ ಕೂಲಿ ಪುಸ್ತಕವನ್ನು ಪೂರ್ತಿಯಾಗಿ ಬಿಡಿಸಿ ಕೂತೆ. ಬಲ್ಮಠದವರು ಹೇಳಿದಂತೆ ಆಣೆಯ ಲೆಕ್ಕದಿಂದ ಆರಂಭವಾಗಿ ಪೈಸೆಯ ಲೆಕ್ಕದಲ್ಲಿ ಅದು ಮುಗಿಯುತ್ತದೆ. ಎಡಪುಟದಲ್ಲಿ ಅಂಗಡಿಯ ಅಟ್ಟದಲ್ಲಿ ಕೂತು ಹೊಲಿಯುತ್ತಿದ್ದವರ ಹೆಸರುಗಳಿವೆ. ಅವರಲ್ಲಿ ನಮ್ಮ ಮನೆಯವರು ಇಬ್ಬರೇ. ಉಳಿದವರೆಲ್ಲ ಹೊರಗಿನವರು, ಎಲ್ಲ ಮತದವರೂ ಇದ್ದಾರೆ. ಬಲಪುಟದಲ್ಲಿ ‘ಕಾಜಾ’ ಎಂಬ ತಲೆಬರಹದಡಿ ಬರಿಯ ಸಂಖ್ಯೆ ಮತ್ತು ಮೊತ್ತ. ಹೆಸರಿನ ಜಾಗದಲ್ಲಿ ‘ಬಾವಿಕಟ್ಟೆ ಮನೆ’, ‘ಇಳಿಜಾರು ಮನೆ’ ಎಂದಿದೆಯೇ ಹೊರತು ಒಬ್ಬ ಹೆಂಗಸಿನ ಹೆಸರೂ ಇಲ್ಲ.

ನಮ್ಮದು ಹಂಚಿನ ಮಾಡಿನ ಹಳೆಯ ಕಟ್ಟಡ. ಕೆಳಗೆ ಕಟಿಂಗ್ ಮೇಜು, ಕನ್ನಡಿ, ಗಿರಾಕಿ. ಮೇಲೆ ಅಟ್ಟದಲ್ಲಿ ಬೇಸಿಗೆಯಲ್ಲಿ ನಿಲ್ಲಲಾಗದ ಸೆಕೆ. ಅಜ್ಜನನ್ನು ನೋಡಿದವರೆಲ್ಲ ಕೆಳಗಿನ ಮೇಜಿನಲ್ಲಿ ನೋಡಿದರು, ಆದ್ದರಿಂದ ಎಲ್ಲವನ್ನೂ ಅವರೇ ಮಾಡಿದರು ಎಂದು ತಿಳಿದರು ಎಂಬುದು ಈಗ ನನ್ನ ಅನಿಸಿಕೆ.

ನಿವೃತ್ತ ಬ್ಯಾಂಕ್ ನೌಕರ, ಉಡುಪಿ:
ಸ್ಯಾವಿಲ್ ರೋನಲ್ಲಿಯೂ ಹೀಗೆಯೇ, ಅಟ್ಟದ ಬದಲು ನೆಲಮಾಳಿಗೆ. ಕಟರ್ ಮೇಲೆ ಗಿರಾಕಿಯೊಂದಿಗೆ ಮಾತನಾಡುತ್ತಾನೆ, ಹೊಲಿಯುವವರು ಕೆಳಗಿರುತ್ತಾರೆ, ಇಲ್ಲವೇ ಲಂಡನ್ನಿನದೇ ಸೋಹೋ ಬಡಾವಣೆಯ ಕಡೆಯ ಸಣ್ಣ ಕೋಣೆಗಳಲ್ಲಿರುತ್ತಾರೆ. ಅಂಗಡಿಯ ಮೇಲೆ ಬರೆಯುವ ಹೆಸರು ಮಾತ್ರ ಒಂದೇ.

ಕರಿಕೋಟಿನ ವಕೀಲ:
ಎರಡು ವಿಷಯಗಳು. ಒಂದು, ನಿಮ್ಮ ಅಂಗಡಿಯಂತಹವು ಈ ಊರಿನಲ್ಲಿ ಉಳಿದುಕೊಳ್ಳಲು ನಮ್ಮ ವೃತ್ತಿಯ ಋಣವೂ ಇದೆ. ನ್ಯಾಯಾಲಯಕ್ಕೆ ಕಪ್ಪು ಕೋಟು ಕಡ್ಡಾಯ. ಬೇಸಿಗೆಯಲ್ಲಿ ಸುಪ್ರೀಂ ಕೋರ್ಟು ಮತ್ತು ಹೈಕೋರ್ಟುಗಳನ್ನು ಬಿಟ್ಟು ಉಳಿದೆಡೆ ವಿನಾಯಿತಿ ಇದೆಯಾದರೂ ಹಿರಿಯರು ಕೋಟು ಬಿಚ್ಚುವವರಲ್ಲ. ಕರಾವಳಿಯ ಬೆವರಿಗೆ ಕಾಲರಿನ ಕಪ್ಪು ಬಣ್ಣ ಕೆಂಪಗಾಗುತ್ತದೆ, ಕಂಕುಳಿನ ಲೈನಿಂಗ್ ಹರಿಯುತ್ತದೆ. ಅಳತೆಗೆ ಹೊಲಿದ ಕೋಟಾದರೆ ಲೈನಿಂಗ್ ಬಿಚ್ಚಿ ಹೊಸದು ಹಾಕಿಕೊಡುತ್ತಾರೆ, ಮೈ ಬಂದರೆ ಒಳಗಿನ ಮಾರ್ಜಿನ್ ಬಿಟ್ಟುಕೊಡುತ್ತಾರೆ. ಈ ದುರಸ್ತಿ ಕೆಲಸವೇ ಅಂಗಡಿಗೆ ಆಟಿಯಲ್ಲಿಯೂ ಅನ್ನ ಹಾಕಿರಬೇಕು, ನಿಮ್ಮ ಬಿಲ್ಲುಗಳಲ್ಲಿ ಹುಡುಕಿ ನೋಡಿರಿ.

ಎರಡನೆಯದು, ಅಳತೆ ಪುಟಗಳನ್ನು ಹೆಸರಿನ ಸಹಿತ ಅಚ್ಚು ಹಾಕಬೇಡಿರಿ. ಬೆನ್ನು ಬಾಗು, ಭುಜ ಇಳಿಕೆ, ಸೊಂಟದ ಸುತ್ತಳತೆ ಇವೆಲ್ಲ ಗಿರಾಕಿ ನಿಮ್ಮ ಅಜ್ಜನನ್ನು ನಂಬಿ ಕೊಟ್ಟ ಮಾಹಿತಿ. ಬದುಕಿರುವವರದ್ದು ಸರ್ವಥಾ ಬೇಡ, ತೀರಿಕೊಂಡವರದ್ದಾದರೆ ಮನೆಯವರ ಒಪ್ಪಿಗೆ ಪಡೆಯಿರಿ.

ಗಲ್ಫ್‌ನಿಂದ ಮರಳಿದವ, ಕಾಪು:
ಅಂಗಡಿ ಸೊರಗಿದ ಕಾರಣವನ್ನು ಬರೆಯುವಾಗ ಎಲ್ಲರೂ ರೆಡಿಮೇಡನ್ನು ದೂರುತ್ತಾರೆ. ನನ್ನ ಅಭಿಪ್ರಾಯ ಬೇರೆ. 1973ರಲ್ಲಿ ತೈಲದ ಬೆಲೆ ಏರಿದ ಮೇಲೆ ಕರಾವಳಿಯಿಂದ ಗಲ್ಫಿಗೆ ಹೋದವರಲ್ಲಿ ಟೈಲರುಗಳೂ ಬಹಳ ಮಂದಿ, ನಾನೂ ಅವರಲ್ಲೊಬ್ಬ. ಅಲ್ಲಿ ಅರಬರ ಉದ್ದನೆಯ ನಿಲುವಂಗಿಯಾದ ಕಂದೂರ ಹೊಲಿದೆವು, ಇಲ್ಲಿ ಮನೆ ಕಟ್ಟಿಸಿದೆವು. ರಜೆಯಲ್ಲಿ ಬಂದವರು ಸಫಾರಿ ಸೂಟು ಹೊಲಿಸಿಕೊಂಡದ್ದರಿಂದ ಆ ಕಾಲದಲ್ಲಿ ಊರಿನ ಅಂಗಡಿಗಳಿಗೆ ಗಿರಾಕಿ ಹೆಚ್ಚಿದರು, ಹೊಲಿಯುವವರು ಕಡಿಮೆಯಾದರು. ಅಂಗಡಿಗೆ ಗಿರಾಕಿ ಇಲ್ಲದಂತಾದದ್ದು ಆ ಮೇಲೆ; ಮೊದಲು ಇಲ್ಲವಾದದ್ದು ಕೈ.

ಹಳೆ ಕಟಿಂಗ್ ಮಾಸ್ಟರ್, ಕಂಕನಾಡಿ:
ಕೈ ಹೋಗದೆ ಏನಾದೀತು? ಪ್ಯಾಂಟು ಹೊಲಿದವನಿಗೆ ದಿನಕ್ಕೆ ಸಿಗುತ್ತಿದ್ದ ಕೂಲಿಗಿಂತ ಕೋಟು ಹೊಲಿದವನ ಕೂಲಿ ದಿನದ ಲೆಕ್ಕದಲ್ಲಿ ಕಡಿಮೆ ಬೀಳುತ್ತಿತ್ತು, ಏಕೆಂದರೆ ಕೋಟು ದಿನಗಟ್ಟಲೆ ಹಿಡಿಯುತ್ತಿತ್ತು. ಕಸುಬು ಹೆಚ್ಚು ಬಲ್ಲವನೇ ಕಡಿಮೆ ಗಳಿಸುವ ಏರ್ಪಾಡು ಅದು. ಮಾಲಕರು ಆ ದರವನ್ನು ತಿದ್ದಲಿಲ್ಲ. ಗಲ್ಫ್ ಇರದಿದ್ದರೂ ಹುಡುಗರು ಹೋಗುತ್ತಿದ್ದರು, ಬೆಂಗಳೂರಿಗೋ ಮುಂಬಯಿಗೋ. ಮಾಲಕರ ಮಕ್ಕಳೇ ಇಂಜಿನಿಯರಿಂಗ್ ಓದಿದ ಮೇಲೆ ಕೂಲಿಯವರ ಮಕ್ಕಳನ್ನು ಮಾತ್ರ ಅಟ್ಟ ಹತ್ತು ಎಂದರೆ ಹತ್ತುತ್ತಾರೆಯೇ?

ಕೋಡಿಕಲ್ ನಿವಾಸಿ:
ಆದರೂ ಇಂದಿನ ಹುಡುಗ ಮಾಲ್‌ನಲ್ಲಿ ನಿಂತ ನಿಲುವಿನಲ್ಲೇ ಪ್ಯಾಂಟು ಕೊಂಡು ಹೋಗುತ್ತಾನೆ, ಎರಡು ಬಾರಿ ಟ್ರಯಲಿಗೆ ಬರುವ ವ್ಯವಧಾನ ಅವನಿಗಿಲ್ಲ ಎಂಬುದನ್ನೂ ಒಪ್ಪಬೇಕಲ್ಲ.

ಭವಂತಿ ರಸ್ತೆಯ ಮೊಮ್ಮಗ:
ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಚರ್ಚೆಯಾಗಿ, ಸ್ವಲ್ಪ ಜಗಳವೂ ಆಗಿ, ಇಷ್ಟು ತೀರ್ಮಾನವಾಗಿದೆ. ಪುಸ್ತಕ ಅಜ್ಜನ ಬಾಲ್ಯದಿಂದ ಆರಂಭವಾಗುವುದಿಲ್ಲ, ಕೂಲಿ ಪುಸ್ತಕದಿಂದ ಆರಂಭವಾಗುತ್ತದೆ. ಅಟ್ಟದಲ್ಲಿದ್ದವರ ಕುಟುಂಬಗಳನ್ನು ಹುಡುಕಿ, ಒಪ್ಪಿಗೆ ಸಿಕ್ಕಿದವರ ಹೆಸರುಗಳನ್ನು ಅನುಬಂಧದಲ್ಲಿ ಹಾಕದೆ ಮುಖ್ಯ ಬರಹದೊಳಗೆ ಸೇರಿಸುತ್ತೇನೆ. ಇದಕ್ಕೆ ದೊಡ್ಡಪ್ಪನ ಮಗ ಇನ್ನೂ ಪೂರ್ತಿ ಒಪ್ಪಿಲ್ಲ. ಅಜ್ಜನ ಹೆಸರು ಮಂಕಾಗುತ್ತದೆ ಎಂಬುದು ಅವರ ವಾದ. ಕೂಲಿಯ ದರಗಳನ್ನು ಅಚ್ಚು ಹಾಕುವ ವಿಚಾರದಲ್ಲಿಯೂ ಅವರಿಗೆ ಸಂಕೋಚವಿದೆ. ದರಗಳಿಲ್ಲದೆ ಮಾಸ್ಟ್ರು ಹೇಳಿದ ಕಾರಣವನ್ನು ಬರೆಯಲು ಬರುವುದಿಲ್ಲ ಎಂದು ನಾನು ಹಟ ಹಿಡಿದಿದ್ದೇನೆ.

ಅಳತೆ ಪುಟಗಳಲ್ಲಿ ಅಜ್ಜನದ್ದೇ ಅಳತೆ ಬರೆದ ಒಂದು ಪುಟ ಸಿಕ್ಕಿದೆ, ಮಾದರಿಗೆ ಅದನ್ನು ಮಾತ್ರ ಹಾಕುತ್ತೇವೆ. ಕಾಜಾ ಪುಟಗಳ ಛಾಯಾಪ್ರತಿಯನ್ನು ಈ ಚರ್ಚೆಯಲ್ಲಿಯೇ ಹಾಕಲಿದ್ದೇನೆ. ಬಿಜೈ, ಕುದ್ರೋಳಿ, ಬೋಳಾರದ ಕಡೆಯವರು ನೋಡಿ, ಯಾವ ಗುರುತು ಯಾವ ಮನೆಯದೆಂದು ಹೇಳಬಲ್ಲವರಿದ್ದರೆ ತಿಳಿಸಬೇಕು.

ಕಾಜಾ ಹೊಲಿದವರ ಮಗಳು:
‘ಇಳಿಜಾರು ಮನೆ’ ನಮ್ಮದೇ ಇರಬಹುದು. ಅಮ್ಮನಿಗೆ ಕಣ್ಣು ಮಂಜಾಗಿದೆ, ಆದರೆ ಯಾವ ಅಂಗಡಿಯವರು ಕಾಜಾಕ್ಕೆ ಎಷ್ಟು ಕೊಡುತ್ತಿದ್ದರು ಎಂಬುದನ್ನು ಮರೆತಿಲ್ಲ. ಪುಟ ಹಾಕಿರಿ, ಓದಿ ಹೇಳುತ್ತೇನೆ. ಮೊತ್ತ ಸರಿ ಹೊಂದುತ್ತದೆಯೇ ಎಂದು ಅವರೇ ಹೇಳಲಿ.